ಬಿಳಿಯ ಕ್ಲಿಪ್ಪೂ ಬಯಲುಸೀಮೆಯ ಹಲ್ಲೂ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಮಕ್ಕಳ ಹಲ್ಲಿಗೆ ಕ್ಲಿಪ್ ಹಾಕಿಸುವುದು ಒಂದು ತಲೆಮಾರಿನ ಹಿಂದೆ ಬಹು ವಿರಳವಾದ ಸಂಗತಿಯಾಗಿದ್ದಿತು. ಸೊಟ್ಟಗೆ ಹುಟ್ಟಿದ ಹಲ್ಲು ಸೊಟ್ಟಗೇ ಉಳಿಯುತ್ತಿದ್ದಿತು. ಉಬ್ಬು ಹಲ್ಲಿನ ಹುಡುಗಿ ನಗು ಬಂದಾಗಲೆಲ್ಲ ಸೆರಗಿನ ತುದಿಯನ್ನೋ ಅಂಗೈಯನ್ನೋ ಬಾಯಿಗೆ ಅಡ್ಡ ಹಿಡಿದು, ಕಡೆಗೆ ನಗುವುದನ್ನೇ ಕಡಿಮೆ ಮಾಡಿಕೊಂಡು ಬಾಳುತ್ತಿದ್ದಳು. ಇಂದು ಎಣ್ಣೆ ಮಿಲ್ಲಿನ ಗುಮಾಸ್ತನೂ, ಮೊಳಕಾಲ್ಮೂರಿನ ರೇಷ್ಮೆ ಮಗ್ಗದ ನೇಕಾರನೂ, ಮುಗಿಲು ನೋಡಿ ಶೇಂಗಾ ಬಿತ್ತುವ ರೈತನೂ ಮಕ್ಕಳನ್ನು ಕರೆದುಕೊಂಡು ಚಿತ್ರದುರ್ಗಕ್ಕೋ ದಾವಣಗೆರೆಗೋ ಬಳ್ಳಾರಿಗೋ ಬಸ್ಸು ಹತ್ತುತ್ತಿದ್ದಾರೆ. ಇದು ಸಂತೋಷಪಡಬೇಕಾದ ಬದಲಾವಣೆ. ಹಲ್ಲಿನ ಸಾಲು ಸರಿಯಾಗುವುದೆಂದರೆ ಮುಖದ ಅಲಂಕಾರ ಮಾತ್ರವಲ್ಲ. ಅಗಿಯುವಿಕೆ, ಉಚ್ಚಾರಣೆ, ವಸಡಿನ ಆರೋಗ್ಯ, ಎಲ್ಲಕ್ಕೂ ಮಿಗಿಲಾಗಿ ನಾಲ್ಕು ಜನರ ನಡುವೆ ತಲೆಯೆತ್ತಿ ಮಾತನಾಡುವ ಧೈರ್ಯ, ಇವೆಲ್ಲ ಅದರ ಫಲಗಳು.

ಆದರೆ ವೈದ್ಯರ ಮುಂದೆ ಕುಳಿತೊಡನೆ ತಾಯ್ತಂದೆಗಳಿಗೆ ಎದುರಾಗುವ ಮೊದಲ ಪ್ರಶ್ನೆ, ಲೋಹದ ಕ್ಲಿಪ್ಪೋ ಸೆರಾಮಿಕ್ ಕ್ಲಿಪ್ಪೋ ಎಂಬುದು. ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡೇ ದಿಕ್ಕಿನಿಂದ ಉತ್ತರ ಬರುತ್ತದೆ: ಕೈಯಲ್ಲಿ ಹಣವಿದ್ದರೆ ಬಿಳಿಯದು, ಇಲ್ಲದಿದ್ದರೆ ಕಬ್ಬಿಣದ್ದು, ಅಥವಾ, ಮಗಳಾದರೆ ಸಾಲ ಮಾಡಿಯಾದರೂ ಬಿಳಿಯದು, ಮಗನಾದರೆ ಯಾವುದಾದರೂ ಆದೀತು. ಹಣವೂ ಸಂಕೋಚವೂ ಹೇಳುವ ಈ ಉತ್ತರ ಬೆಂಗಳೂರಿನ ಮಗುವಿನ ವಿಷಯದಲ್ಲಿ ಅಷ್ಟೇನೂ ಹಾನಿ ಮಾಡಲಾರದು. ನಮ್ಮ ಈ ಎರಡು ತಾಲ್ಲೂಕುಗಳ ಮಗುವಿನ ವಿಷಯದಲ್ಲಿ ಮಾತ್ರ ಉತ್ತರವನ್ನು ಹೇಳಬೇಕಾದುದು ಹಲ್ಲಿನ ಮೇಲ್ಪದರವಾದ ಎನಾಮಲ್ಲೇ ಹೊರತು ಬೇರೆ ಯಾವುದೂ ಅಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಇಲ್ಲಿನ ಎನಾಮಲ್ಲು ಇಲ್ಲಿನ ಕೊಳವೆಬಾವಿಯ ನೀರಿನಿಂದ ರೂಪುಗೊಂಡದ್ದು.

ಮೊದಲು ಸೆರಾಮಿಕ್ ಕ್ಲಿಪ್ಪಿನ ಪರಿಚಯವನ್ನು ಮಾಡಿಕೊಳ್ಳುವುದು ಉಚಿತ. ಹಲ್ಲನ್ನು ಸರಿಸುವ ವಿದ್ಯೆಗೆ ಇಂದಿನ ರೂಪ ಕೊಟ್ಟವನು ಅಮೆರಿಕದ ಎಡ್ವರ್ಡ್ ಆಂಗಲ್. ಅವನ ಕಾಲದಲ್ಲಿ ಪ್ರತಿಯೊಂದು ಹಲ್ಲಿಗೂ ಲೋಹದ ಪಟ್ಟಿಯನ್ನು ಸುತ್ತಿ, ಆ ಪಟ್ಟಿಗೆ ಬೆಸೆದ ಕೊಂಡಿಯಲ್ಲಿ ತಂತಿಯನ್ನು ಹಾಯಿಸುತ್ತಿದ್ದರು. ಬಾಯಿ ತೆರೆದರೆ ಲೋಹವಲ್ಲದೆ ಹಲ್ಲು ಕಾಣುತ್ತಿರಲಿಲ್ಲ. 1955ರಲ್ಲಿ ಮೈಕೇಲ್ ಬ್ಯುನೋಕೋರ್ ಎಂಬ ವಿಜ್ಞಾನಿ, ಎನಾಮಲ್ಲಿನ ಮೇಲೆ ಕ್ಷಣಕಾಲ ಫಾಸ್ಫರಿಕ್ ಆಮ್ಲವನ್ನು ಹಚ್ಚಿ ತೊಳೆದರೆ ಅದರ ಮೇಲ್ಮೈಯಲ್ಲಿ ಸೂಕ್ಷ್ಮವಾದ ರಂಧ್ರಗಳು ಮೂಡಿ, ಅವುಗಳೊಳಕ್ಕೆ ಅಂಟು ಇಳಿದು ಬಿಗಿಯಾಗಿ ಹಿಡಿದುಕೊಳ್ಳುತ್ತದೆಂದು ತೋರಿಸಿದ ಮೇಲೆ, ಪಟ್ಟಿಯ ಕಾಟ ತಪ್ಪಿ, ಹಲ್ಲಿನ ಮುಖಕ್ಕೆ ಪುಟ್ಟ ಕೊಂಡಿಯೊಂದನ್ನು ನೇರವಾಗಿ ಅಂಟಿಸುವ ಪದ್ಧತಿ ಸಾಧ್ಯವಾಯಿತು. ಆ ಕೊಂಡಿಯನ್ನೇ ವೈದ್ಯರು ಬ್ರಾಕೆಟ್ ಎನ್ನುತ್ತಾರೆ. ಇಂದಿನ ಚಿಕಿತ್ಸೆಯೆಲ್ಲವೂ, ಲೋಹದ್ದಾಗಲಿ ಸೆರಾಮಿಕ್ಕಾಗಲಿ, ಈ ಅಂಟಿನ ಹಿಡಿತವನ್ನೇ ಆಧರಿಸಿ ನಿಂತಿದೆಯೆಂಬುದನ್ನು ಓದುಗರು ಲಕ್ಷ್ಯದಲ್ಲಿಟ್ಟುಕೊಳ್ಳಬೇಕು. ಮುಂದಿನ ಮಾತಿಗೆಲ್ಲ ಇದೇ ಬುನಾದಿ.

ಸೆರಾಮಿಕ್ ಬ್ರಾಕೆಟ್ಟುಗಳು ಬಳಕೆಗೆ ಬಂದದ್ದು 1980ರ ದಶಕದ ಉತ್ತರಾರ್ಧದಲ್ಲಿ. ಅವುಗಳ ದ್ರವ್ಯ ಅಲ್ಯೂಮಿನಿಯಂ ಆಕ್ಸೈಡ್. ಅದನ್ನೇ ಒಂದೇ ಹರಳಾಗಿ ಬೆಳೆಸಿದರೆ ನೀಲಮಣಿಯ ಜಾತಿಯ ಪಾರದರ್ಶಕ ಬ್ರಾಕೆಟ್ಟಾಗುತ್ತದೆ. ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಮಹೋಷ್ಣದಲ್ಲಿ ಬೇಯಿಸಿದರೆ ಹಾಲುಬಿಳುಪಿನ ಅರೆಪಾರದರ್ಶಕ ಬ್ರಾಕೆಟ್ಟಾಗುತ್ತದೆ. ಈ ಎರಡನೆಯ ಬಗೆಯ ದ್ರವ್ಯ ಹಲ್ಲಿಗೆ ಬರುವ ಮೊದಲೇ ಕ್ಷಿಪಣಿಗಳ ಶಾಖವನ್ನು ಅರಸಿ ಹಿಂಬಾಲಿಸುವ ಉಪಕರಣಗಳ ರಕ್ಷಣೆಗೆ ಬಳಕೆಯಾಗಿದ್ದಿತು; ಆಕಾಶಯಾನದ ಸಂಶೋಧನೆಯಿಂದ ಅದು ದಂತವೈದ್ಯನ ಮೇಜಿಗೆ ಬಂದಿತು. ಚಳ್ಳಕೆರೆಯ ಕಾವಲಿನಲ್ಲಿಯೂ ಈಗ ವೈಮಾನಿಕ ಪರೀಕ್ಷಾ ಕ್ಷೇತ್ರವಿದೆ. 2023ರ ಏಪ್ರಿಲ್ 2ರಂದು ಇಸ್ರೋ ಸಂಸ್ಥೆಯ ರೆಕ್ಕೆಯುಳ್ಳ ವಾಹನವೊಂದು ಮನುಷ್ಯನ ನೆರವಿಲ್ಲದೆ ಅಲ್ಲಿನ ಓಡುದಾರಿಯ ಮೇಲೆ ಇಳಿದದ್ದನ್ನು ನಮ್ಮ ಜನ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅಂಥ ಉನ್ನತ ವಿಜ್ಞಾನದ ಅಂಗಳದಲ್ಲಿಯೇ ಇರುವ ಹಳ್ಳಿಗಳ ಮಕ್ಕಳ ಹಲ್ಲು ಕಂದುಗಟ್ಟಿರುವುದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ವಿಷಯ.

ಸೆರಾಮಿಕ್ಕಿನ ಗುಣವೊಂದೇ, ಅದು ದೂರಕ್ಕೆ ಕಾಣದು. ಈ ಗುಣವನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಸಹಪಾಠಿಗಳ ನಗೆಯ ಮಾತು ಎಷ್ಟು ಆಳಕ್ಕೆ ಇಳಿಯುತ್ತದೆಂಬುದನ್ನು ಬಲ್ಲವರಾರೂ ಹಾಗೆ ಎಣಿಸಲಾರರು. ಆದರೆ ಅದಕ್ಕೆ ತೆರಬೇಕಾದ ಬೆಲೆ ಹಣದ್ದು ಮಾತ್ರವಲ್ಲ. ಸೆರಾಮಿಕ್ಕು ಎನಾಮಲ್ಲಿಗಿಂತಲೂ ಬಹಳ ಕಠಿಣ; ಆದ್ದರಿಂದ ಮೇಲಿನ ಹಲ್ಲು ಕೆಳಗಿನ ಹಲ್ಲನ್ನು ಆಳವಾಗಿ ಮುಚ್ಚುವ ಬಾಯಲ್ಲಿ ಕೆಳಗಿನ ಹಲ್ಲಿಗೆ ಅದನ್ನು ಅಂಟಿಸಿದರೆ, ಕಚ್ಚಿದಾಗಲೆಲ್ಲ ಮೇಲಿನ ಹಲ್ಲು ಸವೆಯುತ್ತದೆ. ಕಠಿಣವಾಗಿದ್ದೂ ಅದು ಭಿದುರ. ಹುರಿದ ಶೇಂಗಾ, ಕಬ್ಬು, ಚಕ್ಕುಲಿಗಳನ್ನು ಮುಂಬಾಯಲ್ಲಿ ಕಡಿಯುವ ನಮ್ಮ ಮಕ್ಕಳ ರೂಢಿಗೆ ಅದರ ಅಂಚಿನ ಪುಟ್ಟ ರೆಕ್ಕೆ ಮುರಿಯುವುದುಂಟು. ತಂತಿ ಅದರ ತೋಡಿನಲ್ಲಿ ಲೋಹದಲ್ಲಿ ಜಾರುವಷ್ಟು ಸಲೀಸಾಗಿ ಜಾರದಾದುದರಿಂದ ಹಲ್ಲಿನ ಚಲನೆ ಕೆಲವೊಮ್ಮೆ ನಿಧಾನವಾಗುತ್ತದೆ. ಈ ಕೊರತೆಯನ್ನು ನೀಗಲೆಂದು ತೋಡಿನೊಳಗೆ ಲೋಹದ ಒಳಪದರವಿಟ್ಟ ಬಗೆಗಳೂ ಬಂದಿವೆ. ಬ್ರಾಕೆಟ್ಟಿಗೆ ಕಲೆ ಹಿಡಿಯದಿದ್ದರೂ ತಂತಿಯನ್ನು ಕಟ್ಟುವ ಬಿಳಿಯ ರಬ್ಬರು ಅರಿಸಿನದ ಸಾರಿಗೆ ಒಂದೆರಡು ದಿನದಲ್ಲಿಯೇ ಹಳದಿಯಾಗುತ್ತದೆ. ಇವೆಲ್ಲ ಎಲ್ಲ ಊರಿನ ಮಕ್ಕಳಿಗೂ ಸಮಾನವಾದ ತೊಡಕುಗಳು. ಒಳ್ಳೆಯ ವೈದ್ಯ ಇವುಗಳನ್ನು ನಿಭಾಯಿಸಬಲ್ಲ. ನಮ್ಮ ಸೀಮೆಗೆ ವಿಶೇಷವಾದ ತೊಡಕು ಬೇರೆಯೇ ಇದೆ.

ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸಿನಲ್ಲಿ, ಹಲವು ವರ್ಷ ಅದಕ್ಕಿಂತಲೂ ಕಡಿಮೆ, ಮಳೆ ಬೀಳುವ ಈ ಸೀಮೆಯಲ್ಲಿ ಕೆರೆಗಳು ಬತ್ತಿ, ತೆರೆದ ಬಾವಿಗಳು ಬತ್ತಿ, ಜನ ನೂರಾರು ಅಡಿ ಆಳದ ಕೊಳವೆಬಾವಿಗಳನ್ನು ನೆಚ್ಚಿ ದಶಕಗಳು ಕಳೆದಿವೆ. ಆಳದ ನೀರು ಗ್ರಾನೈಟ್ ಮತ್ತು ನೈಸ್ ಶಿಲೆಗಳ ಬಿರುಕುಗಳಲ್ಲಿ ಬಹುಕಾಲ ನಿಂತು, ಆ ಶಿಲೆಯ ಖನಿಜಗಳಲ್ಲಿರುವ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಮಳೆ ಕಡಿಮೆಯಾಗಿ ಹೊಸ ನೀರು ಇಂಗದಿರುವುದೂ, ನೀರು ಕ್ಷಾರಗುಣವುಳ್ಳದ್ದಾಗಿರುವುದೂ ಈ ಕರಗುವಿಕೆಗೆ ಅನುಕೂಲವಾದ ಸನ್ನಿವೇಶ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಮಿನೊಳಗಿರಬೇಕು, ಬೇರೆ ನೀರು ಇಲ್ಲದ ಕಡೆಯಲ್ಲಿ 1.5 ಮಿಲಿಗ್ರಾಮಿನವರೆಗೆ ಸಹಿಸಬಹುದು ಎಂಬುದು ನಮ್ಮ ದೇಶದ ಮಾನಕ. ಚಳ್ಳಕೆರೆ, ಮೊಳಕಾಲ್ಮೂರು, ನೆರೆಯ ಪಾವಗಡ ತಾಲ್ಲೂಕುಗಳ ಅನೇಕ ಕೊಳವೆಬಾವಿಗಳು ಈ ಎಲ್ಲೆಯನ್ನು ಮೀರಿದವು.

ಇಂಥ ನೀರನ್ನು ಕುಡಿದ ಮಗುವಿನ ಹಲ್ಲಿಗೆ ಏನಾಗುತ್ತದೆಂಬುದು ಜಗತ್ತಿಗೆ ತಿಳಿದದ್ದು ಒಂದು ದೀರ್ಘವಾದ ಶೋಧದ ಫಲವಾಗಿ. 1901ರಲ್ಲಿ ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದ ಫ್ರೆಡರಿಕ್ ಮೆಕೇ ಎಂಬ ತರುಣ ದಂತವೈದ್ಯ, ಅಲ್ಲಿ ಹುಟ್ಟಿ ಬೆಳೆದವರ ಹಲ್ಲುಗಳ ಮೇಲಿನ ಕಂದು ಕಲೆಯನ್ನು ಕಂಡು, ಅದರ ಬೆನ್ನುಹತ್ತಿ ಮೂವತ್ತು ವರ್ಷ ದುಡಿದ. 1931ರಲ್ಲಿ ಆ ಕಲೆಯ ಕಾರಣ ನೀರಿನ ಫ್ಲೋರೈಡೆಂದು ನಿಶ್ಚಯವಾಯಿತು. ನಮ್ಮ ದೇಶದಲ್ಲಿ ಫ್ಲೋರೋಸಿಸ್ಸಿನ, ಎಂದರೆ ಅಧಿಕ ಫ್ಲೋರೈಡಿನಿಂದ ಬರುವ ಈ ರೋಗದ, ಹಾವಳಿಯನ್ನು 1937ರಲ್ಲಿ ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಿಂದ ವರದಿ ಮಾಡಲಾಯಿತು. ಅಲ್ಲಿ ಹಲ್ಲು ಕಲೆಗಟ್ಟಿದವರು ಮಾತ್ರವಲ್ಲ, ಬೆನ್ನು ಬಾಗಿ ಕೀಲುಗಳು ಬಿಗಿದು ಎದ್ದೇಳಲಾರದವರೂ ಇದ್ದರು. ಮುಂದೆ ನೆರೆಯ ತೆಲುಗುಸೀಮೆಯ ನಲ್ಗೊಂಡದ ಹೆಸರಿನಲ್ಲಿಯೇ ಪಟಿಕ ಮತ್ತು ಸುಣ್ಣಗಳಿಂದ ನೀರಿನ ಫ್ಲೋರೈಡನ್ನು ಇಳಿಸುವ ಸುಲಭ ವಿಧಾನವೊಂದು ಪ್ರಚಾರಕ್ಕೆ ಬಂದಿತು. ಕಲೆಗೆ ಕಾರಣ ತಿಳಿದು ತೊಂಬತ್ತು ವರ್ಷಗಳಿಗೂ ಹೆಚ್ಚು ಕಳೆದಿದ್ದರೂ ನಮ್ಮಲ್ಲಿ ಇನ್ನೂ ಅನೇಕರು ಮಗು ಹಲ್ಲುಜ್ಜುವುದಿಲ್ಲವೆಂದು ಗದರಿಸಿ, ಇದ್ದಿಲಿನಿಂದಲೋ ಇಟ್ಟಿಗೆಪುಡಿಯಿಂದಲೋ ಉಜ್ಜಿಸುತ್ತಿದ್ದಾರೆ. ಉಜ್ಜಿದರೆ ಹೋಗುವ ಕಲೆ ಅದಲ್ಲ; ಅದು ಹಲ್ಲಿನ ಮೇಲೆ ಕುಳಿತದ್ದಲ್ಲ, ಹಲ್ಲಿನೊಳಗೆ ಹುಟ್ಟಿದ್ದು. ಆ ಮಗುವಿನದೇನೂ ಅಪರಾಧವಿಲ್ಲ.

ಶಾಶ್ವತ ಹಲ್ಲುಗಳ ಎನಾಮಲ್ಲು ದವಡೆಯೊಳಗೆ ಗೋಪ್ಯವಾಗಿ ರೂಪುಗೊಳ್ಳುವುದು ಮಗುವಿನ ಮೊದಲ ಎಂಟು ವರ್ಷಗಳಲ್ಲಿ. ಆಗ ದೇಹಕ್ಕೆ ಸೇರಿದ ಅಧಿಕ ಫ್ಲೋರೈಡು ಆ ರಚನೆಯನ್ನು ಅಪೂರ್ಣವಾಗಿಯೇ ನಿಲ್ಲಿಸಿಬಿಡುತ್ತದೆ. ಹೊರಗಿನ ತೆಳುಪದರ ಆಮ್ಲಕ್ಕೂ ಸುಲಭವಾಗಿ ಮಣಿಯದಷ್ಟು ಗಟ್ಟಿಯಾಗುತ್ತದೆ; ಅದರ ಕೆಳಗಿನ ಭಾಗ ಖನಿಜಾಂಶ ಸಾಲದೆ ರಂಧ್ರಮಯವಾಗಿ ಉಳಿಯುತ್ತದೆ. ಸೌಮ್ಯವಾದ ಸ್ಥಿತಿಯಲ್ಲಿ ಸುಣ್ಣದ ಗೆರೆಗಳಂತಹ ಬಿಳಿ ಛಾಯೆ ಮಾತ್ರ. ಮಧ್ಯಮ ಸ್ಥಿತಿಯಲ್ಲಿ ಹಳದಿ ಕಂದು ಕಲೆ. ತೀವ್ರ ಸ್ಥಿತಿಯಲ್ಲಿ ಗುಳಿ ಬಿದ್ದು ಎನಾಮಲ್ಲು ಚಕ್ಕೆಚಕ್ಕೆಯಾಗಿ ಏಳುತ್ತದೆ. ಅಮೆರಿಕದ ಟ್ರೆಂಡ್ಲಿ ಡೀನ್ 1942ರಲ್ಲಿ ಕ್ರಮಪಡಿಸಿದ ಈ ತರತಮಗಳ ಪಟ್ಟಿ ಪ್ರತಿಯೊಬ್ಬ ದಂತವೈದ್ಯನಿಗೂ ಗೊತ್ತು; ತಾಯ್ತಂದೆಗಳಿಗೆ ಅದನ್ನು ಹೇಳುವ ಪದ್ಧತಿ ಮಾತ್ರ ಇಲ್ಲ.

ಇಂಥ ಹಲ್ಲಿಗೆ ಬ್ರಾಕೆಟ್ಟನ್ನು ಅಂಟಿಸುವುದೆಂದರೆ, ಹೊರಗೆ ಗಾರೆ ಗಟ್ಟಿಯಾಗಿದ್ದು ಒಳಗೆ ಮಣ್ಣು ಸಡಿಲವಾದ ಗೋಡೆಗೆ ಗೂಟ ಹೊಡೆದಂತೆ. ಆಮ್ಲ ಸಾಧಾರಣ ಹಲ್ಲಿನ ಮೇಲೆ ಅರ್ಧ ನಿಮಿಷದೊಳಗೆ ಮೂಡಿಸುವ ರಂಧ್ರಗಳು ಇಲ್ಲಿ ಸರಿಯಾಗಿ ಮೂಡುವುದಿಲ್ಲ. ಹೆಚ್ಚು ಹೊತ್ತು ಆಮ್ಲವನ್ನು ಇರಿಸಬೇಕು, ಇಲ್ಲವೆ ಮೇಲ್ಪದರವನ್ನು ನಯವಾಗಿ ತೇದು ಸಿದ್ಧಪಡಿಸಬೇಕು. ಹಾಗೆ ಮಾಡಿದರೂ ಫ್ಲೋರೋಸಿಸ್ ತೀವ್ರವಾದಷ್ಟೂ ಬ್ರಾಕೆಟ್ಟು ನಡುವೆ ಕಳಚಿಬೀಳುವ ಸಂಭವ ಹೆಚ್ಚು. ಕಳಚಿದಾಗಲೆಲ್ಲ ಮೊಳಕಾಲ್ಮೂರಿನಿಂದ ಚಿತ್ರದುರ್ಗಕ್ಕೆ ಹೋಗಿ ಬರುವುದೆಂದರೆ ತಂದೆಗೆ ಒಂದು ದಿನದ ದುಡಿಮೆ ಹೋಯಿತು, ಮಗುವಿಗೆ ಒಂದು ದಿನದ ಶಾಲೆ ಹೋಯಿತು. ಈ ತೊಡಕು ಲೋಹಕ್ಕೂ ಉಂಟು, ಸೆರಾಮಿಕ್ಕಿಗೂ ಉಂಟು.

ವ್ಯತ್ಯಾಸವಿರುವುದು ಚಿಕಿತ್ಸೆಯ ಕೊನೆಯ ದಿನ. ಲೋಹದ ಬ್ರಾಕೆಟ್ಟನ್ನು ಇಕ್ಕಳದಿಂದ ಹಿಸುಕಿದರೆ ಅದು ತಾನು ಬಾಗಿ, ಅಂಟಿನಿಂದ ಸುಲಿದು ಬರುತ್ತದೆ. ಹಲ್ಲಿನ ಮೇಲೆ ಬೀಳುವ ಬಲ ಅಲ್ಪ. ಸೆರಾಮಿಕ್ಕು ಬಾಗುವ ವಸ್ತುವಲ್ಲ. ಅದನ್ನು ಕೀಳಲು ಹಾಕಿದ ಬಲ ಎಲ್ಲಿಯಾದರೂ ಒಂದು ಕಡೆ ಒಡೆದೇ ತೀರಬೇಕು: ಒಂದೋ ಬ್ರಾಕೆಟ್ಟು ಚೂರಾಗಬೇಕು, ಒಂದೋ ಅಂಟು ಬಿಡಬೇಕು, ಇಲ್ಲವೆ ಎನಾಮಲ್ಲೇ ಸೀಳಬೇಕು. ಮೊದಮೊದಲ ಸೆರಾಮಿಕ್ ಬ್ರಾಕೆಟ್ಟುಗಳು ರಾಸಾಯನಿಕ ಬಂಧದಿಂದ ಅತಿಯಾಗಿ ಬಿಗಿದು, ಒಳ್ಳೆಯ ಹಲ್ಲಿನ ಎನಾಮಲ್ಲನ್ನೂ ಕಿತ್ತುಕೊಂಡು ಬಂದ ಪ್ರಸಂಗಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಆಮೇಲೆ ತಯಾರಕರು ತಳವನ್ನು ಮಾರ್ಪಡಿಸಿ, ಕೀಳುವುದಕ್ಕೆ ವಿಶೇಷವಾದ ಇಕ್ಕಳಗಳನ್ನು ರಚಿಸಿ ಅಪಾಯವನ್ನು ಬಹುಮಟ್ಟಿಗೆ ತಗ್ಗಿಸಿದ್ದಾರೆ. ಆ ಸುಧಾರಣೆಯೆಲ್ಲ ಆರೋಗ್ಯವಂತ ಎನಾಮಲ್ಲನ್ನು ಕಣ್ಮುಂದೆ ಇಟ್ಟುಕೊಂಡು ಮಾಡಿದ್ದು. ಗುಳಿಬಿದ್ದ, ಚಕ್ಕೆಯೇಳುವ ಹಲ್ಲಿನ ಮುಂದೆ ಅದು ಭರವಸೆ ಕೊಡಲಾರದು. ಒಮ್ಮೆ ಹೋದ ಎನಾಮಲ್ಲು ಮತ್ತೆ ಹುಟ್ಟುವುದಿಲ್ಲ. ಚರ್ಮದಂತೆ, ಮೂಳೆಯಂತೆ ಮಾಯುವ ಶಕ್ತಿಯನ್ನು ಪ್ರಕೃತಿ ಅದಕ್ಕೆ ಕೊಟ್ಟಿಲ್ಲ.

ಇನ್ನೊಂದು ಸಂಗತಿಯನ್ನು ಯಾರೂ ಮೊದಲೇ ಹೇಳದಿರುವುದರಿಂದ ಎಷ್ಟೋ ಮನೆಗಳಲ್ಲಿ ನಿರಾಶೆಯಾಗುತ್ತದೆ. ಸೆರಾಮಿಕ್ಕು ಕಾಣದಿರುವುದು ಸಹಜವಾದ ಬಿಳುಪಿನ ಹಲ್ಲಿನ ಮೇಲೆ. ಕಂದು ಹಲ್ಲಿನ ಮೇಲೆ ಹಾಲುಬಿಳುಪಿನ ಚುಕ್ಕೆಯಿಟ್ಟರೆ ಅದು ಎದ್ದು ಕಾಣುತ್ತದೆ. ಪಾರದರ್ಶಕವಾದದ್ದಾದರೆ ಕೆಳಗಿನ ಕಲೆಯನ್ನು ಹಾಗೆಯೇ ತೋರಿಸುತ್ತದೆ. ಹೆಚ್ಚಿನ ಹಣವನ್ನು ತೆತ್ತದ್ದು ಯಾವ ಗುಣಕ್ಕಾಗಿಯೋ ಆ ಗುಣವೇ ಇಲ್ಲಿ ಲುಪ್ತವಾಯಿತು. ಅಲ್ಲದೆ, ಕ್ಲಿಪ್ಪು ತೆಗೆದ ದಿನ ಹಲ್ಲು ಬೆಳ್ಳಗೆ ಹೊಳೆಯುವುದೆಂದು ನಂಬಿದ ಮಗು, ನೆಟ್ಟಗಾದ ಸಾಲಿನಲ್ಲಿ ಅದೇ ಕಂದು ಕಲೆಯನ್ನು ಕಂಡು ಕಣ್ಣೀರಿಡುವುದುಂಟು. ಸಾಲನ್ನು ಸರಿಪಡಿಸುವುದು ಬೇರೆ ಚಿಕಿತ್ಸೆ, ಕಲೆಯನ್ನು ನೀಗುವುದು ಬೇರೆ ಚಿಕಿತ್ಸೆ. ಮೇಲ್ಪದರವನ್ನು ಮೈಕ್ರೋ ಅಬ್ರೇಶನ್ ಎಂಬ ಕ್ರಮದಿಂದ ಸ್ವಲ್ಪವೇ ತೇಯುವುದು, ವೈದ್ಯರ ನಿಗಾದಲ್ಲಿ ಬ್ಲೀಚ್ ಮಾಡುವುದು, ಗುಳಿಗಳನ್ನು ಹಲ್ಲಿನ ಬಣ್ಣದ ಲೇಪದಿಂದ ತುಂಬುವುದು, ಇವು ಆ ಎರಡನೆಯ ಚಿಕಿತ್ಸೆಯ ಮಾರ್ಗಗಳು. ಬಡ ಕುಟುಂಬವೊಂದು ಸೆರಾಮಿಕ್ಕಿಗಾಗಿ ಹೆಚ್ಚುವರಿಯಾಗಿ ಎತ್ತಿಡುವ ಸಾವಿರಾರು ರೂಪಾಯಿಗಳನ್ನು ಈ ಕಾರ್ಯಕ್ಕೆ ಉಳಿಸಿಕೊಂಡು, ಕ್ಲಿಪ್ಪನ್ನು ಲೋಹದ್ದೇ ಹಾಕಿಸಿದರೆ ಮಗುವಿಗೆ ದೊರೆಯುವ ಲಾಭ ಹೆಚ್ಚಿನದೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಹಾಗೆಂದು ಈ ಸೀಮೆಯಲ್ಲಿ ಯಾರೂ ಸೆರಾಮಿಕ್ ಹಾಕಿಸಲೇಬಾರದೆಂದು ನನ್ನ ವಾದವಲ್ಲ. ಕೊಳವೆಬಾವಿಯ ಬದಲು ವಾಣಿವಿಲಾಸ ಸಾಗರ ಜಲಾಶಯದ ನೀರು ಕುಡಿದು ಬೆಳೆದ ಮಗುವಿನ ಹಲ್ಲು ನಿರ್ಮಲವಾಗಿರಬಹುದು. ಬಿಳಿಯ ಗೆರೆಗಳಷ್ಟೇ ಇರುವ ಸೌಮ್ಯ ಫ್ಲೋರೋಸಿಸ್ಸಿನಲ್ಲಿ ಅನುಭವಿಯಾದ ವೈದ್ಯನ ಕೈಯಲ್ಲಿ ಸೆರಾಮಿಕ್ಕು ಸುರಕ್ಷಿತವಾಗಿಯೇ ನಡೆದೀತು. ನಗುವಾಗ ಕಾಣುವ ಮೇಲಿನ ಆರು ಹಲ್ಲುಗಳಿಗೆ ಮಾತ್ರ ಸೆರಾಮಿಕ್ಕು, ಉಳಿದವುಗಳಿಗೂ ಕೆಳಗಿನ ಸಾಲಿಗೂ ಲೋಹ ಎಂಬ ಮಧ್ಯಮಾರ್ಗವೂ ಇದೆ. ಅನೇಕ ವೈದ್ಯರು ಅದನ್ನು ಅನುಸರಿಸುತ್ತಾರೆ, ಕೇಳದೆ ಇದ್ದರೆ ಹೇಳುವವರು ಕಡಿಮೆ. ಆದರೆ ಎನಾಮಲ್ಲು ಗುಳಿಬಿದ್ದಿದ್ದರೆ, ಉಗುರು ತಾಗಿದ ಕಡೆ ಚಕ್ಕೆ ಏಳುತ್ತಿದ್ದರೆ, ಸೆರಾಮಿಕ್ಕಿನ ಆಸೆಯನ್ನು ಬಿಡಬೇಕು. ಕಾಣದ ತಟ್ಟೆಗಳೆಂದು ಈಗ ಪ್ರಚಾರದಲ್ಲಿರುವ ಅಲೈನರುಗಳಿಗೂ ಹಲ್ಲಿನ ಮೇಲೆ ಸಣ್ಣ ಉಬ್ಬುಗಳನ್ನು ಅಂಟಿಸಬೇಕಾಗುವುದರಿಂದ ಅವೂ ಈ ಪ್ರಶ್ನೆಯಿಂದ ಪೂರ್ತಿ ಮುಕ್ತವಲ್ಲ. ಅವುಗಳ ಖರ್ಚಂತೂ ನಮ್ಮ ಸೀಮೆಯ ಬಹುಪಾಲು ಮನೆಗಳ ಅಳವಿಗೆ ಮೀರಿದ್ದು.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು. ಗಂಡಿನ ಕಡೆಯವರು ನೋಡಲು ಬರುವ ಮುನ್ನ ಕ್ಲಿಪ್ಪು ಕಾಣದಂತಿರಲಿ ಎಂಬ ಆತುರದಿಂದ, ಎನಾಮಲ್ಲಿನ ಗತಿಯೇನೆಂದು ಕೇಳದೆಯೇ ಸೆರಾಮಿಕ್ಕಿಗೆ ಒಪ್ಪಿಕೊಳ್ಳುವ ತಾಯಂದಿರು ಬಹುಮಂದಿ. ಅವರ ಕಳವಳ ನನಗೆ ಅರ್ಥವಾಗುತ್ತದೆ. ಆದರೂ ಒಂದೂವರೆ ಎರಡು ವರ್ಷ ಲೋಹವನ್ನು ಧರಿಸುವುದರಲ್ಲಿ ಅವಮಾನವೇನಿದೆ? ನಮ್ಮ ನೀರು ಕೊಟ್ಟ ಕಲೆಯನ್ನು ಹೊತ್ತು ಹುಟ್ಟೂರಿನಲ್ಲಿಯೇ ತಲೆತಗ್ಗಿಸಿ ನಡೆಯುವಂತಾದುದು ಹೆಣ್ಣುಮಗಳ ಲೋಪವಲ್ಲ. ಆ ಕಲೆಯ ಮೇಲೆ ಇನ್ನೊಂದು ಅಪಾಯವನ್ನು ಅವಳ ಹಲ್ಲಿಗೆ ತಂದೊಡ್ಡುವ ಹಕ್ಕು ಯಾವ ವರನ ಕಡೆಯವರಿಗೂ ಇಲ್ಲ.

ದೊಡ್ಡ ಮಗುವಿನ ಕ್ಲಿಪ್ಪಿಗಾಗಿ ಮನೆಯಲ್ಲಿ ಚರ್ಚೆ ನಡೆಯುತ್ತಿರುವಾಗ ತೊಟ್ಟಿಲಲ್ಲಿರುವ ಮಗುವನ್ನು ಮರೆಯಬಾರದು. ಹದಿಮೂರರ ಅಕ್ಕನ ಹಲ್ಲಿಗೆ ಇನ್ನು ಫ್ಲೋರೋಸಿಸ್ ಹೊಸದಾಗಿ ತಗಲುವುದಿಲ್ಲ, ಅವಳ ಎನಾಮಲ್ಲು ಆಗಬೇಕಾದಂತೆ ಆಗಿಹೋಗಿದೆ. ಎರಡರ ತಮ್ಮನ ಶಾಶ್ವತ ಮುಂಬಲ್ಲುಗಳು ಈಗ ದವಡೆಯೊಳಗೆ ರೂಪುಗೊಳ್ಳುತ್ತಿವೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನು ಮೊದಲು ಆ ಮಗುವಿನ ಪಾಲಿಗೆ ಸಲ್ಲಬೇಕು. ಕುಡಿಯುವುದಕ್ಕೆ ಮಾತ್ರವಲ್ಲ, ಅದರ ಗಂಜಿಗೆ, ಅನ್ನಕ್ಕೆ, ಬೇಳೆಗೆ ಸಹ. ಕೊಳವೆಬಾವಿಯ ನೀರನ್ನು ಕುದಿಸಿ ಕೊಟ್ಟರೆ ಸಾಕೆಂದು ತಿಳಿದವರಿದ್ದಾರೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಪುಟ್ಟ ಮಕ್ಕಳಿಗೆ ಚಹಾ ಕೊಡುವ ರೂಢಿಯನ್ನೂ ಬಿಡುವುದು ಲೇಸು, ಚಹದ ಎಲೆಯಲ್ಲಿಯೂ ಫ್ಲೋರೈಡಿದೆ.

ತುಂಗಭದ್ರೆಯ ಹಿನ್ನೀರನ್ನು ಪಾವಗಡ, ಚಳ್ಳಕೆರೆ, ಮೊಳಕಾಲ್ಮೂರು, ಕೂಡ್ಲಿಗಿಗಳ ಹಳ್ಳಿಗಳಿಗೆ ಮುಟ್ಟಿಸುವ ಬಹುಗ್ರಾಮ ಯೋಜನೆಯ ಪ್ರತಿಯೊಂದು ನಲ್ಲಿಯೂ ಹನಿ ತಪ್ಪದೆ ಹರಿಯುವಂತೆ ನೋಡಿಕೊಳ್ಳುವುದೂ, ಕೆಟ್ಟುನಿಂತ ನೀರಿನ ಘಟಕಗಳನ್ನು ವಾರಗಟ್ಟಲೆ ಹಾಗೆಯೇ ಬಿಡದೆ ದುರಸ್ತಿಮಾಡಿಸುವುದೂ ಸರ್ಕಾರದ ಮತ್ತು ಪಂಚಾಯಿತಿಗಳ ಹೊಣೆ. ದಂತಚಿಕಿತ್ಸೆಯ ಮಾತಾಡುವವರು ಈ ಹೊಣೆಯನ್ನು ಪದೇಪದೇ ನೆನಪಿಸುತ್ತಿರಬೇಕು. ಚಿತ್ರದುರ್ಗದ ಎಸ್.ಜೆ.ಎಂ. ದಂತ ವೈದ್ಯಕೀಯ ಕಾಲೇಜು, ದಾವಣಗೆರೆಯ ಬಾಪೂಜಿ ದಂತ ಕಾಲೇಜು ಮುಂತಾದ ಸಂಸ್ಥೆಗಳು ಹತ್ತಿರದಲ್ಲಿಯೇ ಇವೆ. ಅಲ್ಲಿನ ವಕ್ರದಂತ ವಿಭಾಗದ ತಜ್ಞರೊಬ್ಬರು ತಿಂಗಳಿಗೊಮ್ಮೆ ಚಳ್ಳಕೆರೆಯ ಮತ್ತು ಮೊಳಕಾಲ್ಮೂರಿನ ತಾಲ್ಲೂಕು ಆಸ್ಪತ್ರೆಗಳಿಗೆ ಬಂದು ಕುಳಿತರೆ, ಕಳಚಿದ ಬ್ರಾಕೆಟ್ಟಿಗಾಗಿ ಜಿಲ್ಲಾ ಕೇಂದ್ರಕ್ಕೆ ಅಲೆಯುವ ಕಷ್ಟ ತಪ್ಪೀತು. ಶಾಲೆಗಳ ಆರೋಗ್ಯ ತಪಾಸಣೆಯ ಪುಸ್ತಕದಲ್ಲಿ ಏಳನೆಯ ತರಗತಿಯ ಮಗುವಿನ ಹಲ್ಲು ಡೀನ್ ಪಟ್ಟಿಯ ಯಾವ ದರ್ಜೆಯದೆಂದು ಒಂದು ಸಾಲು ಬರೆಸುವುದಕ್ಕೆ ಹೆಚ್ಚಿನ ವೆಚ್ಚವೇನೂ ತಗಲದು.

ಅಲ್ಲಿಯವರೆಗೆ ತಾಯ್ತಂದೆಗಳು ತಾವೇ ಕೇಳಬೇಕು. ಮುಂಗಡ ಕೊಡುವ ಮೊದಲು, ಈ ಮಗುವಿನ ಎನಾಮಲ್ಲಿನಲ್ಲಿ ಫ್ಲೋರೋಸಿಸ್ ಎಷ್ಟಿದೆ, ಅಂಟಿಸಲು ವಿಶೇಷ ಕ್ರಮ ಬೇಕೇ, ಬ್ರಾಕೆಟ್ಟನ್ನು ಕೊನೆಗೆ ಹೇಗೆ ಕೀಳುತ್ತೀರಿ, ನಡುವೆ ಕಳಚಿದರೆ ಮತ್ತೆ ಅಂಟಿಸುವುದಕ್ಕೆ ಪ್ರತ್ಯೇಕ ಹಣ ಕೊಡಬೇಕೇ, ಕಲೆಯ ಚಿಕಿತ್ಸೆ ಯಾವಾಗ, ಎಂದು ಕೇಳಿ, ಚಿಕಿತ್ಸೆಗೆ ಮುಂಚಿನ ಹಲ್ಲಿನ ಫೋಟೋಗಳನ್ನೂ ಚೀಟಿಯಲ್ಲಿ ಬರೆಸಿದ ವೈದ್ಯರ ಉತ್ತರವನ್ನೂ ಪಡೆದುಕೊಳ್ಳಬೇಕು. ಒಳ್ಳೆಯ ವೈದ್ಯರು ಇದಕ್ಕೆ ಬೇಸರಪಡುವುದಿಲ್ಲ.